ಸಮುತ್ಥಾನವ್ಯಯವೂ ನಿಯುಕ್ತವಾದಿಯೂ: ಬೆಳಗಾವಿ-ಖಾನಾಪುರಗಳ ಅಪಘಾತವ್ಯವಹಾರವನ್ನು ಕುರಿತ ಒಂದು ವಿವೇಚನೆ

೧. ವಿಷಯಪ್ರವೇಶ

ಬೆಳಗಾವಿ ನಗರದಿಂದ ಹೊರಟು ಮಚ್ಛೆಯನ್ನು ಹಾದು, ಮಲಪ್ರಭೆಯ ದಡದ ಖಾನಾಪುರವನ್ನು ಸೇರಿ, ಅಲ್ಲಿಂದ ಲೋಂಡಾ ಅನಮೋಡಗಳ ಮಾರ್ಗವಾಗಿ ಘಟ್ಟವನ್ನಿಳಿದು ಗೋವೆಗೆ ಹೋಗುವ ಹೆದ್ದಾರಿಯು ಮೊದಲು ೪ಎ ಎಂಬ ಸಂಖ್ಯೆಯಿಂದಲೂ ಈಗ ೭೪೮ ಎಂಬ ಸಂಖ್ಯೆಯಿಂದಲೂ ಗುರುತಿಸಲ್ಪಟ್ಟಿದೆ. ಕದಂಬರ ಎರಡನೆಯ ರಾಜಧಾನಿಯೆನಿಸಿದ್ದ ಪಲಾಶಿಕೆ, ಎಂದರೆ ಇಂದಿನ ಹಲಸಿ, ಇದೇ ಖಾನಾಪುರ ತಾಲೂಕಿನಲ್ಲಿದೆ. ಘಟ್ಟದ ಮೇಲಣ ನಾಡಿಗೂ ಕಡಲತೀರಕ್ಕೂ ನಡುವಣ ಈ ಪ್ರದೇಶದಲ್ಲಿ ಸರಕಿನ ಗಾಡಿಗಳ ಸಂಚಾರವು ಹೊಸದಲ್ಲ. ಗಾಡಿಯ ವೇಗ ಮಾತ್ರ ಹೊಸದು.

ಈ ಮಾರ್ಗದಲ್ಲಿ ಕೂಲಿಕಾರನೊಬ್ಬನು ಲಾರಿಯ ಹೊಡೆತಕ್ಕೆ ಸಿಕ್ಕಿ ಕಾಲು ಮುರಿದುಕೊಂಡನೆಂದಿಟ್ಟುಕೊಂಡರೆ, ಅವನನ್ನು ಬೆಳಗಾವಿಯ ಆಸ್ಪತ್ರೆಗೆ ಒಯ್ಯುವರು. ಪೊಲೀಸರು ಖಾನಾಪುರದಲ್ಲಿ ಫಿರ್ಯಾದಿಯನ್ನು ಬರೆದುಕೊಳ್ಳುವರು. ಲಾರಿಯ ಒಡೆಯನು ಗೋವೆಯವನಿರಬಹುದು. ವಿಮಾಸಂಸ್ಥೆಯ ಮುಖ್ಯ ಕಚೇರಿಯು ಇನ್ನೆಲ್ಲಿಯೋ ಇರಬಹುದು. ಗಾಯಾಳುವಿನ ಮನೆಮಾತು ಮರಾಠಿಯೋ ಕೊಂಕಣಿಯೋ ಆಗಿದ್ದು, ಪಂಚನಾಮೆಯು ಕನ್ನಡದಲ್ಲಿಯೂ ವಿಮಾಪತ್ರವು ಇಂಗ್ಲಿಷಿನಲ್ಲಿಯೂ ಇರುವುದುಂಟು. ಏಳಲಾರದೆ ಮಲಗಿದವನ ಪರವಾಗಿ ಮಾತನಾಡತಕ್ಕವರಾರು, ಅವರನ್ನು ನಿಯೋಜಿಸುವ ಬಗೆಯೆಂತು, ಅವರಿಗೆ ಸಲ್ಲತಕ್ಕ ಭೃತಿಯೆಷ್ಟು ಎಂಬ ಮೂರು ಪ್ರಶ್ನೆಗಳು ಅವನ ಮುಂದೆ ಒಮ್ಮೆಲೆ ಬಂದು ನಿಲ್ಲುತ್ತವೆ.

ಈ ಮೂರೂ ನಮ್ಮ ವ್ಯವಹಾರಶಾಸ್ತ್ರಕ್ಕೆ ಪರಿಚಿತವಾದ ಪ್ರಶ್ನೆಗಳೇ ಆಗಿವೆ. ಸ್ಮೃತಿಕಾರರು ಗಾಡಿಯಿಂದಾದ ಗಾಯವನ್ನೂ, ಪರಾರ್ಥವಾಗಿ ವಾದಿಸುವವನನ್ನೂ, ಅವನ ಸಂಬಳವನ್ನೂ ಬೇರೆಬೇರೆ ಪ್ರಕರಣಗಳಲ್ಲಿ ವಿಚಾರಿಸಿದ್ದಾರೆ. ಅವುಗಳನ್ನು ಒಂದೆಡೆಗೆ ತಂದು ಈಗಿನ ಕಾಯಿದೆಯೊಡನೆ ಹೋಲಿಸಿ ನೋಡಿದಲ್ಲಿ, ವಕೀಲನನ್ನು ನಿಯೋಜಿಸುವುದೆಂಬ ಕಾರ್ಯದ ನಿಜವಾದ ಸ್ವರೂಪವು ತಿಳಿದುಬರುವುದು. ಪ್ರಾಚೀನ ವಿಧಿಗಳನ್ನು ಅರ್ವಾಚೀನ ವಿಧಿಗಳ ಬೀಜವೆಂದು ಸಾಧಿಸುವುದು ಇಲ್ಲಿ ಉದ್ದಿಷ್ಟವಲ್ಲ. ಇಂದಿನ ಕಾಯಿದೆಯು ಇಂಗ್ಲಿಷ್ ಮೂಲದ್ದು. ಆದರೆ ಅದು ಉತ್ತರಿಸಬೇಕಾದ ಪ್ರಶ್ನೆಯು ಮನುಷ್ಯಮಾತ್ರದ್ದು.

೨. ಯಾನಹಿಂಸೆಯೂ ಸಮುತ್ಥಾನವ್ಯಯವೂ

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ದಂಡಪಾರುಷ್ಯಪ್ರಕರಣದೊಳಗೆ ಯಾನದಿಂದಾಗುವ ಹಿಂಸೆಯ ವಿಚಾರವು ಬಂದಿದೆ. ಎತ್ತಿನ ಮೂಗುದಾರ ಹರಿದಾಗ, ನೊಗ ಮುರಿದಾಗ, ಗಾಡಿಯು ಅಡ್ಡಕ್ಕೆ ಇಲ್ಲವೆ ಹಿಂದಕ್ಕೆ ಸರಿದಾಗ, ಅಚ್ಚು ಇಲ್ಲವೆ ಗಾಲಿ ಮುರಿದಾಗ, ಕಟ್ಟು, ಕೊರಳಹಗ್ಗ, ಕಡಿವಾಣಗಳು ಹರಿದಾಗ, ಸಾರಥಿಯು 'ಸರಿ, ಸರಿ' ಎಂದು ಕೂಗಿ ಎಚ್ಚರಿಸಿದ್ದಾಗ, ಹೀಗೆ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲವೆಂದು ಅಲ್ಲಿ ಹೇಳಿದೆ. ಉಳಿದ ಸಂದರ್ಭಗಳಲ್ಲಿ ದಂಡವುಂಟು. ಆ ದಂಡವು ಯಾರ ಮೇಲೆ ಬೀಳಬೇಕೆಂಬಲ್ಲಿ ಶಾಸ್ತ್ರಕಾರನ ಸೂಕ್ಷ್ಮದೃಷ್ಟಿಯು ಗಮನಾರ್ಹವಾಗಿದೆ. ಸಾರಥಿಯ ಅಕೌಶಲದಿಂದ ಗಾಡಿಯು ದಾರಿ ತಪ್ಪಿ ಹಿಂಸೆಯಾದರೆ ಗಾಡಿಯ ಒಡೆಯನು ೨೦೦ ಪಣ ತೆರಬೇಕು; ಸಾರಥಿಯು ನುರಿತವನಾಗಿದ್ದೂ ತಪ್ಪಿದರೆ ಸಾರಥಿಯೇ ತೆರಬೇಕು; ಸಾರಥಿಯು ನುರಿತವನಲ್ಲವೆಂದಾದಲ್ಲಿ ಗಾಡಿಯಲ್ಲಿ ಕುಳಿತವರೂ ತಲೆಗೆ ೧೦೦ ಪಣದಂತೆ ತೆರಬೇಕು. ತಿಳಿಯದವನ ಕೈಗೆ ಗಾಡಿಯನ್ನು ಕೊಟ್ಟ ಒಡೆಯನು ದೋಷಿಯೆಂಬುದು ಇದರ ತಾತ್ಪರ್ಯ.

ಈಗಿನ ನ್ಯಾಯಾಲಯಗಳಲ್ಲಿಯೂ ಇದೇ ಪ್ರಶ್ನೆಯು ಅನುಜ್ಞಾಪತ್ರದ ರೂಪದಲ್ಲಿ ಮತ್ತೆ ಮತ್ತೆ ಏಳುತ್ತದೆ. ಚಾಲಕನಿಗೆ ಲೈಸೆನ್ಸು ಇಲ್ಲದಿದ್ದಲ್ಲಿ ವಿಮಾಸಂಸ್ಥೆಯು ಕೈಚೆಲ್ಲಬಹುದೇ ಎಂಬ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೪ರಲ್ಲಿ ಕೊಟ್ಟ ತೀರ್ಪಿನ ಸಾರವಿಷ್ಟು: ಒಡೆಯನು ವಿಮೆಯ ಕರಾರನ್ನು ಮುರಿದನೆಂದು ಸಂಸ್ಥೆಯೇ ಸಾಧಿಸಬೇಕು, ಸಾಧಿಸಿದರೂ ಗಾಯಾಳುವಿಗೆ ಮೊದಲು ಹಣ ಕೊಟ್ಟು ಅನಂತರ ಒಡೆಯನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯವು ಆಜ್ಞಾಪಿಸಬಹುದು. ಒಡೆಯನ ಹೊಣೆಯು ಅಂದಿನಂತೆ ಇಂದಿಗೂ ನಿಂತಿದೆ. ಆದರೆ 'ಸರಿ' ಎಂದು ಕೂಗಿದ ಮಾತ್ರಕ್ಕೆ ದೋಷವಿಲ್ಲವೆಂಬ ಮಾತು ಇಂದು ನಿಲ್ಲದು. ಹಾರ್ನು ಊದಿದವನೂ ವೇಗವನ್ನು ತಡೆಯದಿದ್ದರೆ ಹೊಣೆಗಾರನೇ.

ಮೇಲೆ ಹೇಳಿದ ಪಣಗಳು ರಾಜಕೋಶಕ್ಕೆ ಸಲ್ಲತಕ್ಕವು. ಗಾಯಗೊಂಡವನಿಗೆ ಸಿಕ್ಕುವುದೇನು? ಇದಕ್ಕೆ ಮನುವೂ ಯಾಜ್ಞವಲ್ಕ್ಯನೂ ಒಂದೇ ಪದದಿಂದ ಉತ್ತರ ಕೊಡುತ್ತಾರೆ: ಸಮುತ್ಥಾನವ್ಯಯ. ಸಮುತ್ಥಾನವೆಂದರೆ ಮತ್ತೆ ಚೆನ್ನಾಗಿ ಎದ್ದುನಿಲ್ಲುವುದು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇದನ್ನು ವ್ರಣವು ಮಾಯುವುದೆಂದು ವಿವರಿಸಿ, ಔಷಧಕ್ಕೂ ಪಥ್ಯಕ್ಕೂ ತಗಲುವ ವೆಚ್ಚವನ್ನು ನೋಯಿಸಿದವನಿಂದ ಕೊಡಿಸಬೇಕೆಂದು ಹೇಳುತ್ತಾನೆ. ಪಥ್ಯವನ್ನೂ ಎಣಿಕೆಗೆ ತಂದುದು ವಿಶೇಷ. ಇಂದಿನ ತೀರ್ಪುಗಳಲ್ಲಿ 'ಪೌಷ್ಟಿಕ ಆಹಾರ' ಎಂದು ಬರೆಯುವ ಬಾಬು ಇದೇ ಆಗಿದೆ.

ಪದಗಳ ವಿಚಾರವಾಗಿ ಇನ್ನೊಂದು ಮಾತು. ಇಂದು ನಾವು ಬಳಸುವ 'ಪರಿಹಾರ' ಎಂಬುದಕ್ಕೆ ನೀಗುವುದು ಎಂಬುದು ಮೂಲಾರ್ಥ. ಹಳೆಯ ತಾಮ್ರಶಾಸನಗಳಲ್ಲಿ ಅದು ದತ್ತಭೂಮಿಗೆ ಕರಗಳಿಂದಾಗುವ ಬಿಡುಗಡೆಯನ್ನು ಸೂಚಿಸುತ್ತಿತ್ತು. ಮರಾಠಿಯ 'ನುಕಸಾನ ಭರಪಾಯಿ' ಎಂಬ ಮಾತಿನಲ್ಲಿ ನಷ್ಟವನ್ನು ತುಂಬಿಕೊಡುವ ಅರ್ಥವಿದೆ. ಒಂದು ಪದವು ದುಃಖವನ್ನು ನೀಗಿಸುವುದನ್ನೂ, ಇನ್ನೊಂದು ಕೊರತೆಯನ್ನು ತುಂಬುವುದನ್ನೂ ಹೇಳುವುವು. ಮೂರರಲ್ಲಿ ಗಾಯಾಳುವಿನ ಕಡೆಯಿಂದ ನೋಡಿ ಹುಟ್ಟಿದುದು 'ಸಮುತ್ಥಾನ' ಒಂದೇ.

೩. ವ್ರಣದಿಂದ ಜೀವನೋಪಾಯಕ್ಕೆ

ಸ್ಮೃತಿಗಳ ಸಮುತ್ಥಾನವು ಗಾಯ ಮಾಯುವಲ್ಲಿಗೆ ಮುಗಿಯುತ್ತದೆ. ಮಾಯ್ದ ಮೇಲೂ ದುಡಿಯಲಾರದವನ ಗತಿಯೇನೆಂಬುದು ಅಲ್ಲಿ ಸ್ಪಷ್ಟವಾಗಿ ವಿಚಾರಿತವಾಗಿಲ್ಲ. ಈ ಕೊರತೆಯನ್ನು ಅರ್ವಾಚೀನ ಕಾಯಿದೆಯು ಹಂತಹಂತವಾಗಿ ತುಂಬಿತು. ೧೮೫೫ರ ಮಾರಕ ಅಪಘಾತಗಳ ಕಾಯಿದೆಯು ಸತ್ತವನ ಕುಟುಂಬಕ್ಕೆ ದಾವೆಯ ಹಕ್ಕನ್ನು ಕೊಟ್ಟಿತು. ೧೯೩೯ರ ಮೋಟಾರು ವಾಹನ ಕಾಯಿದೆಗೆ ೧೯೫೬ರಲ್ಲಾದ ತಿದ್ದುಪಡಿಯಿಂದ ಅಪಘಾತ ಪರಿಹಾರಕ್ಕಾಗಿಯೇ ಪ್ರತ್ಯೇಕ ನ್ಯಾಯಮಂಡಳಿಗಳು ಏರ್ಪಟ್ಟವು. ಈಗ ನಡೆಯುತ್ತಿರುವುದು ೧೯೮೮ರ ಕಾಯಿದೆ. ಅದರಲ್ಲಿ ೨೦೧೯ರಲ್ಲಿ ಆದ ತಿದ್ದುಪಡಿಯ ಪರಿಹಾರಸಂಬಂಧವಾದ ಭಾಗವು ೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು.

ಇಲ್ಲಿ ಎರಡು ಮಾರ್ಗಗಳಿವೆ. ೧೬೪ನೆಯ ಕಲಮಿನಂತೆ ಯಾರ ತಪ್ಪೆಂಬುದನ್ನು ಸಾಧಿಸದೆಯೇ ಮರಣಕ್ಕೆ ೫ ಲಕ್ಷ, ಘೋರವಾದ ಗಾಯಕ್ಕೆ ೨.೫ ಲಕ್ಷ ರೂಪಾಯಿ ಪಡೆಯಬಹುದು. ೧೬೬ನೆಯ ಕಲಮಿನಂತೆ ಚಾಲಕನ ಅಜಾಗರೂಕತೆಯನ್ನು ತೋರಿಸಿ ನಿಜವಾದ ನಷ್ಟವನ್ನೆಲ್ಲ ಕೇಳಬಹುದು. ಗುದ್ದಿ ಓಡಿಹೋದ ವಾಹನವು ಪತ್ತೆಯಾಗದಿದ್ದಲ್ಲಿ ಮರಣಕ್ಕೆ ೨ ಲಕ್ಷ, ಘೋರ ಗಾಯಕ್ಕೆ ೫೦ ಸಾವಿರದ ಬೇರೊಂದು ಏರ್ಪಾಡಿದೆ. ಇವಲ್ಲದೆ ೨೦೨೫ರ ಮೇ ತಿಂಗಳಲ್ಲಿ ಪ್ರಕಟವಾದ ಯೋಜನೆಯಂತೆ ಅಪಘಾತದ ದಿನದಿಂದ ೭ ದಿನಗಳವರೆಗೆ ೧.೫ ಲಕ್ಷ ರೂಪಾಯಿಯ ಮಿತಿಯೊಳಗೆ ಗೊತ್ತಾದ ಆಸ್ಪತ್ರೆಗಳಲ್ಲಿ ಹಣವಿಲ್ಲದೆ ಚಿಕಿತ್ಸೆಯಾಗತಕ್ಕದ್ದು.

ನುರಿತ ವಾದಿಯ ಅಗತ್ಯವು ಮುಖ್ಯವಾಗಿ ೧೬೬ನೆಯ ಕಲಮಿನ ಮಾರ್ಗದಲ್ಲಿ ಕಾಣಬರುತ್ತದೆ. ಭವಿಷ್ಯದ ದುಡಿಮೆಯ ನಷ್ಟವನ್ನು ಎಣಿಸುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು ೨೦೦೯ರ ಸರಳಾ ವರ್ಮಾ ತೀರ್ಪಿನಲ್ಲಿ ಸ್ಥಿರಪಡಿಸಿ, ವಯಸ್ಸಿಗೆ ತಕ್ಕ ಗುಣಕಗಳನ್ನು ಗೊತ್ತುಮಾಡಿತು: ೩೧ರಿಂದ ೩೫ರ ವಯಸ್ಸಿಗೆ ೧೬, ೪೧ರಿಂದ ೪೫ಕ್ಕೆ ೧೪, ೫೧ರಿಂದ ೫೫ಕ್ಕೆ ೧೧. ೨೦೧೦ರ ಇನ್ನೊಂದು ತೀರ್ಪಿನಲ್ಲಿ ಶರೀರದ ಊನಕ್ಕೂ ದುಡಿಮೆಯ ಊನಕ್ಕೂ ಭೇದವನ್ನು ವಿವರಿಸಿತು. ಎಡಗೈ ಹೋದ ಗುಮಾಸ್ತನು ತನ್ನ ಕೆಲಸವನ್ನು ಮುಂದುವರಿಸಬಹುದು. ಅದೇ ಕೈ ಹೋದ ಬಡಿಗನಿಗೂ ಚಾಲಕನಿಗೂ ವೃತ್ತಿಯೇ ಹೋದಂತೆ. ವೈದ್ಯನು ಬರೆಯುವ ಶೇಕಡಾ ಸಂಖ್ಯೆಯೊಂದರಿಂದಲೇ ನಷ್ಟವು ಗೊತ್ತಾಗುವುದಿಲ್ಲವೆಂಬುದು ಅದರ ಫಲಿತಾಂಶ.

ದೃಷ್ಟಾಂತಕ್ಕಾಗಿ, ೩೪ ವರ್ಷದ, ತಿಂಗಳಿಗೆ ೧೫ ಸಾವಿರ ರೂಪಾಯಿ ಗಳಿಸುವ ಗಾರೆಕೆಲಸದವನನ್ನು ತೆಗೆದುಕೊಳ್ಳಬಹುದು. ಅವನ ವರ್ಷದ ಗಳಿಕೆ ೧,೮೦,೦೦೦. ೧೬ರಿಂದ ಗುಣಿಸಿದರೆ ೨೮,೮೦,೦೦೦. ಇಡೀ ದೇಹಕ್ಕೆ ಶೇಕಡಾ ೧೦ ಊನವೆಂಬ ವೈದ್ಯಪತ್ರವನ್ನಷ್ಟೇ ಹಿಡಿದರೆ ಈ ಬಾಬಿನಲ್ಲಿ ದೊರೆಯುವುದು ೨,೮೮,೦೦೦. ಸಾರುವೆಯನ್ನು ಏರಲಾರದವನ ದುಡಿಮೆಯ ಊನವು ಶೇಕಡಾ ೩೦ ಎಂದು ಸಾಕ್ಷ್ಯದಿಂದ ತೋರಿಸಿದರೆ ದೊರೆಯುವುದು ೮,೬೪,೦೦೦. ನಡುವಣ ಅಂತರವು ೫,೭೬,೦೦೦ ರೂಪಾಯಿ. ಕಾಲು ಅದೇ, ಮುರಿತವೂ ಅದೇ. ವೈದ್ಯನನ್ನು ಸಾಕ್ಷಿಯಾಗಿ ಕರೆಸಿ ಯುಕ್ತವಾದ ಪ್ರಶ್ನೆಯನ್ನು ಕೇಳಿದ ಮತ್ತು ಕೇಳದ ವಾದಿಗಳ ನಡುವಣ ಅಂತರ ಇದು.

೪. ಪರಾರ್ಥವಾದಿ, ನಿಯುಕ್ತ, ವಕೀಲ

ಇನ್ನು ಪರರಿಗಾಗಿ ವಾದಿಸುವವನ ವಿಚಾರ. ತನ್ನ ವ್ಯವಹಾರವನ್ನು ತಾನೇ ನುಡಿಯಬೇಕೆಂಬುದು ಪ್ರಾಚೀನರ ಸಾಮಾನ್ಯ ನಿಯಮ. ಇದಕ್ಕೆ ಬೃಹಸ್ಪತಿಯು ಅಪವಾದವನ್ನು ಹೇಳುತ್ತಾನೆ: ಸಭೆಯಲ್ಲಿ ಮಾತನಾಡಲು ಅಳುಕುವವರು, ಜಡರು, ಉನ್ಮತ್ತರು, ವೃದ್ಧರು, ಸ್ತ್ರೀಯರು, ಬಾಲಕರು, ರೋಗಿಗಳು, ಇವರ ಪರವಾಗಿ ಬಂಧುವಾಗಲಿ ನಿಯುಕ್ತನಾದ ಬೇರೊಬ್ಬನಾಗಲಿ ಪೂರ್ವೋತ್ತರಪಕ್ಷಗಳನ್ನು ನುಡಿಯಬಹುದು. ಗಾಯಗೊಂಡು ಮಲಗಿದವನು ಈ ಪಟ್ಟಿಯ ರೋಗಿಯಲ್ಲಿ ಅಂತರ್ಭೂತನಾಗುತ್ತಾನೆ.

ಕಾತ್ಯಾಯನನ ಹೆಸರಿನಲ್ಲಿ ನಿಬಂಧಗ್ರಂಥಗಳು ಉದ್ಧರಿಸುವ ವಚನಗಳಲ್ಲಿ ಇದಕ್ಕೆ ಪ್ರತಿಯಾದ ಇನ್ನೊಂದು ನಿಯಮವಿದೆ. ಮನುಷ್ಯವಧೆ, ಕಳ್ಳತನ, ಪಾರುಷ್ಯ, ಕೂಟಪತ್ರ, ರಾಜದ್ರೋಹ ಮೊದಲಾದವುಗಳಲ್ಲಿ ಪ್ರತಿನಿಧಿಯನ್ನು ಒಪ್ಪಕೂಡದು; ಮಾಡಿದವನೇ ಬಂದು ನುಡಿಯಬೇಕು. ಪಾರುಷ್ಯದಲ್ಲಿ ಪರರ ದೇಹವನ್ನು ನೋಯಿಸುವುದು ಸೇರಿದೆ. ಎರಡು ವಚನಗಳನ್ನೂ ಕೂಡಿಸಿ ಓದಿದರೆ ಗಮನಿಸತಕ್ಕ ಒಂದು ವ್ಯವಸ್ಥೆಯು ತೋರುತ್ತದೆ: ನೊಂದವನಿಗೆ ಪ್ರತಿನಿಧಿಯುಂಟು, ನೋಯಿಸಿದವನಿಗೆ ಇಲ್ಲ. ಇಂದಿನ ಪರಿಸ್ಥಿತಿಯು ಹಲವು ವೇಳೆ ಇದಕ್ಕೆ ವಿಪರೀತವಾಗಿದೆ. ನ್ಯಾಯಮಂಡಳಿಯ ಮುಂದೆ ಚಾಲಕನ ಸ್ಥಾನದಲ್ಲಿ ವಿಮಾಸಂಸ್ಥೆಯೂ, ಅದರ ಸ್ಥಾನದಲ್ಲಿ ಇಂತಹ ವ್ಯವಹಾರಗಳನ್ನೇ ದಿನವೂ ನಡೆಸುವ ವಕೀಲನೂ ನಿಲ್ಲುತ್ತಾನೆ; ಜೀವಮಾನದಲ್ಲಿ ಒಮ್ಮೆ ನ್ಯಾಯಾಲಯದ ಮೆಟ್ಟಿಲೇರುವ ಗಾಯಾಳುವೇ ವಾದಿಯನ್ನು ಹುಡುಕಿಕೊಂಡು ತಿರುಗಬೇಕಾಗಿದೆ.

ನಿಯುಕ್ತನ ವಿಷಯದಲ್ಲಿ ನಾರದನ ಎರಡು ವಿಧಿಗಳು ಮುಖ್ಯವಾದುವು. ಅರ್ಥಿಯಿಂದಾಗಲಿ ಪ್ರತ್ಯರ್ಥಿಯಿಂದಾಗಲಿ ನಿಯೋಜಿತನಾದವನು ವಾದಿಸಿದಲ್ಲಿ ಜಯಾಪಜಯಗಳು ನಿಯೋಜಿಸಿದವರವೇ, ವಾದಿಸಿದವನವಲ್ಲ, ಇದು ಮೊದಲನೆಯದು. ತಂದೆಯೂ ಅಲ್ಲದೆ, ಅಣ್ಣತಮ್ಮನೂ ಅಲ್ಲದೆ, ಮಗನೂ ಅಲ್ಲದೆ, ನಿಯೋಜಿತನೂ ಅಲ್ಲದೆ ಪರರ ವ್ಯವಹಾರದಲ್ಲಿ ನುಡಿಯುವ ಪರಾರ್ಥವಾದಿಯು ದಂಡ್ಯನು, ಇದು ಎರಡನೆಯದು. ಅಸಹಾಯನ ನಾರದಭಾಷ್ಯದಲ್ಲಿ ಸ್ಮಾರ್ತದುರ್ಧರನೆಂಬ ಬ್ರಾಹ್ಮಣನು ಸಾಲದ ವ್ಯವಹಾರವೊಂದರಲ್ಲಿ ಸಾವಿರ ದ್ರಮ್ಮಗಳಿಗೆ ವಾದವನ್ನು ವಹಿಸಿಕೊಂಡ ಕಥೆಯಿದೆ. ಇಂತಹ ಆಧಾರಗಳಿಂದ ಪ್ರಾಚೀನ ಭಾರತದಲ್ಲಿ ವಕೀಲವೃತ್ತಿಯಿತ್ತೇ ಎಂಬ ಚರ್ಚೆಯು ಬಹುಕಾಲ ನಡೆದಿದೆ. ತಾವೇ ಮುಂಬಯಿಯ ಹೈಕೋರ್ಟಿನಲ್ಲಿ ವಕೀಲರಾಗಿದ್ದ ಪಾಂಡುರಂಗ ವಾಮನ ಕಾಣೆಯವರು ತಮ್ಮ ಧರ್ಮಶಾಸ್ತ್ರೇತಿಹಾಸದ ಮೂರನೆಯ ಸಂಪುಟದಲ್ಲಿಯೂ (೧೯೪೬), ಲುಡೋ ರೋಷೆಯವರು ೧೯೬೯ರ ಲೇಖನವೊಂದರಲ್ಲಿಯೂ ಇದನ್ನು ವಿಮರ್ಶಿಸಿದ್ದಾರೆ. ಬಿಡಿಬಿಡಿಯಾಗಿ ಪ್ರತಿನಿಧಿಗಳು ಇದ್ದರೆಂಬುದು ನಿರ್ವಿವಾದ. ಈಗಿನಂತೆ ವರ್ಗವಾಗಿ ಇದ್ದರೆಂಬುದಕ್ಕೆ ಪ್ರಮಾಣವು ಸಾಲದು.

'ವಕೀಲ' ಎಂಬುದು ಅರಬ್ಬೀ ಮೂಲದ ಶಬ್ದ. ಫಾರಸಿಯ ಮೂಲಕ ನಮ್ಮ ಭಾಷೆಗಳಿಗೆ ಬಂದಿತು. ಒಬ್ಬನಿಗೆ ಕಾರ್ಯವನ್ನು ಒಪ್ಪಿಸುವುದೆಂಬುದು ಅದರ ಧಾತ್ವರ್ಥ. ಹಳೆಯ ಮೈಸೂರಿನ ಕಡೆ 'ವಕಾಲತ್ತು' ಎನ್ನುವುದನ್ನು ಬೆಳಗಾವಿಯ ಕಡೆ ಮರಾಠಿಯ ಸಂಪರ್ಕದಿಂದ 'ವಕೀಲಪತ್ರ' ಎನ್ನುವರು. ನಾರದನ 'ನಿಯೋಗ'ವೂ, ಅರಬ್ಬಿಯ 'ವಕಾಲತ್ತು'ವೂ ಅರ್ಥದಲ್ಲಿ ಒಂದೇ. ೧೮೧೮ರಲ್ಲಿ ಬೆಳಗಾವಿಯು ಇಂಗ್ಲಿಷರ ವಶವಾಗಿ ಮುಂಬಯಿ ಇಲಾಖೆಗೆ ಸೇರಿದ ಮೇಲೆ ೧೮೨೭ರ ಎಲ್ಫಿನ್‌ಸ್ಟನ್ ರೆಗ್ಯುಲೇಷನ್ನುಗಳೂ, ೧೮೭೯ರ ವಕೀಲರ ಕಾಯಿದೆಯೂ, ೧೯೨೦ರ ಮುಂಬಯಿ ಪ್ಲೀಡರುಗಳ ಕಾಯಿದೆಯೂ ಅನುಕ್ರಮವಾಗಿ ಈ ವೃತ್ತಿಯನ್ನು ರೂಪಿಸಿದವು. ೧೯೩೯ರಲ್ಲಿ ಕರ್ನಾಟಕ ಲಾ ಸೊಸೈಟಿಯು ಬೆಳಗಾವಿಯಲ್ಲಿ ಸ್ಥಾಪಿಸಿದ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯದಿಂದ ಈ ಭಾಗದವರಿಗೆ ಮನೆಯ ಹತ್ತಿರವೇ ಕಾಯಿದೆಯ ವ್ಯಾಸಂಗವು ಸಾಧ್ಯವಾಯಿತು. ಈಗ ವೃತ್ತಿಯನ್ನು ಆಳುವುದು ೧೯೬೧ರ ವಕೀಲರ ಅಧಿನಿಯಮ.

ಸಿವಿಲ್ ಪ್ರಕ್ರಿಯಾಸಂಹಿತೆಯ (೧೯೦೮) ಮೂರನೆಯ ಆದೇಶದಂತೆ ನಿಯೋಗವು ಲಿಖಿತವಾಗಿರಬೇಕು, ಕಕ್ಷಿದಾರನ ಸಹಿಯಿರಬೇಕು, ನ್ಯಾಯಾಲಯದಲ್ಲಿ ಸಲ್ಲಿಸಲ್ಪಡಬೇಕು. ವಕೀಲನನ್ನು ಬದಲಿಸುವುದಕ್ಕೆ ಲಿಖಿತ ಪತ್ರವೂ ನ್ಯಾಯಾಲಯದ ಅಪ್ಪಣೆಯೂ ಬೇಕು. ಶುಲ್ಕ ಬಾಕಿಯೆಂಬ ಕಾರಣದಿಂದ ವಕೀಲನು ಕಕ್ಷಿದಾರನ ಕಾಗದಪತ್ರಗಳನ್ನು ತಡೆಹಿಡಿಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೦ದಲ್ಲಿಯೂ, ಕಕ್ಷಿದಾರನ ಸ್ಪಷ್ಟ ಅನುಮತಿಯಿಲ್ಲದೆ ವಕೀಲನು ಅವನ ಹಕ್ಕನ್ನು ಬಿಟ್ಟುಕೊಡಲಾಗದೆಂದು ೨೦೧೫ರಲ್ಲಿಯೂ ಹೇಳಿದೆ. ಜಯಾಪಜಯಗಳು ನಿಯೋಜಿಸಿದವನವೇ ಎಂದಮೇಲೆ ನಿರ್ಧಾರವೂ ಅವನದೇ ಆಗಿರಬೇಕೆಂಬುದು ನ್ಯಾಯ್ಯವಾದುದು.

೫. ಭೃತಿಯ ವಿಚಾರ

ನಿಯುಕ್ತನ ಸಂಬಳವನ್ನು ಅಂಕೆಸಂಖ್ಯೆಗಳಿಂದ ಹೇಳುವ ಗ್ರಂಥವೆಂದರೆ ಶುಕ್ರನೀತಿ. ಅದರ ಪ್ರಾಚೀನತೆಯು ಸಂದಿಗ್ಧವಾಗಿದ್ದು, ಹತ್ತೊಂಬತ್ತನೆಯ ಶತಮಾನದ ರಚನೆಯೆಂದು ವಾದಿಸಿದ ವಿದ್ವಾಂಸರೂ ಉಂಟು. ಆದುದರಿಂದ ಅದನ್ನು ಪ್ರಾಚೀನ ಆಚಾರಕ್ಕೆ ಪ್ರಮಾಣವಾಗಿ ಹಿಡಿಯದೆ, ಒಂದು ಅಭಿಪ್ರಾಯವಾಗಿ ಮಾತ್ರ ನೋಡತಕ್ಕದ್ದು. ಅದರ ಮತದಲ್ಲಿ ವಿವಾದದ ಹಣದ ಹದಿನಾರನೆಯ ಒಂದು ಪಾಲು, ಇಪ್ಪತ್ತನೆಯ ಒಂದು, ಅದರ ಅರ್ಧ, ಮತ್ತೆ ಅದರ ಅರ್ಧ, ಹೀಗೆ ವಿವಾದದ ಮೊತ್ತವು ಹೆಚ್ಚಿದಂತೆ ಭೃತಿಯ ಪ್ರಮಾಣವು ಕಡಮೆಯಾಗಬೇಕು. ಧರ್ಮವನ್ನೂ ವ್ಯವಹಾರವನ್ನೂ ಬಲ್ಲವನನ್ನೇ ನಿಯೋಜಿಸಬೇಕು. ಬೇರೆ ಬಗೆಯಾಗಿ ಭೃತಿಯನ್ನು ಸೆಳೆಯುವವನು ದಂಡ್ಯನು. ಈ ಭೃತಿಯು ವಿವಾದದ ಗಾತ್ರವನ್ನು ಅನುಸರಿಸಿದೆಯೇ ಹೊರತು ಗೆಲವನ್ನಲ್ಲವೆಂಬುದನ್ನು ಗಮನಿಸಬೇಕು.

ಭಾರತೀಯ ವಕೀಲರ ಪರಿಷತ್ತಿನ ನಿಯಮವು ಇನ್ನೂ ಕಟ್ಟುನಿಟ್ಟಾಗಿದೆ. ವ್ಯವಹಾರದ ಫಲವನ್ನು ಅವಲಂಬಿಸಿದ ಶುಲ್ಕವನ್ನು ವಕೀಲನು ಗೊತ್ತುಮಾಡಿಕೊಳ್ಳಕೂಡದು. ಬಂದ ಹಣದಲ್ಲಿ ಪಾಲಿಗೆ ಒಡಂಬಡಕೂಡದು. ಅಮೆರಿಕೆಯಲ್ಲಿ ಅಂತಹ ಒಪ್ಪಂದವು ಗಾಯದ ವ್ಯವಹಾರಗಳಲ್ಲಿ ಸಾಮಾನ್ಯ. ಇಲ್ಲಿ ಅದು ವೃತ್ತಿದೋಷ. ತೆಲಂಗಾಣದ ಒಂದು ಮೋಟಾರು ಅಪಘಾತದ ಪರಿಹಾರದಿಂದ ಹುಟ್ಟಿದ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೭ರ ಡಿಸೆಂಬರಿನಲ್ಲಿ ಇದನ್ನೇ ದೃಢಪಡಿಸಿ, ಶೇಕಡಾವಾರು ಲೆಕ್ಕದ ಶುಲ್ಕಕ್ಕಾಗಿ ಬರೆಸಿಕೊಂಡ ಚೆಕ್ಕಿನ ಮೇಲೆ ಹೂಡಿದ್ದ ಮೊಕದ್ದಮೆಯನ್ನು ರದ್ದುಪಡಿಸಿತು.

ಇದಕ್ಕೆ ಪೂರ್ವಪಕ್ಷವೂ ಉಂಟು. ಕೈಯಲ್ಲಿ ಕಾಸಿಲ್ಲದ ಗ್ರಾಮಸ್ಥನು ಮುಂಗಡವಾಗಿ ಶುಲ್ಕವನ್ನು ಕೊಡಲಾರ. ಗೆದ್ದ ಮೇಲೆ ಕೊಡುವೆನೆಂಬ ಮಾತಿನಿಂದಲೇ ಅವನಿಗೆ ವಕೀಲನು ದೊರೆಯುವನು. ನಿಷೇಧವು ಬಡವನನ್ನೇ ಬಾಧಿಸುವುದು ಎನ್ನುವರು. ಈ ವಾದವನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಪಾಲಿನ ಕರಾರು ಯಾವ ಹಣದ ಮೇಲೆ ಬೀಳುವುದೆಂಬುದನ್ನು ವಿಚಾರಿಸಬೇಕು. ಮೇಲೆ ಹೇಳಿದ ಗಾರೆಕೆಲಸದವನ ೮,೬೪,೦೦೦ ರೂಪಾಯಿ ಲಾಭವಲ್ಲ. ಮುಂದಿನ ವರ್ಷಗಳ ಅವನ ಅನ್ನ. ಅದರಲ್ಲಿ ಪಾಲುಗೊಂಡವನು ಅವನ ಸಮುತ್ಥಾನದಲ್ಲಿಯೇ ಪಾಲುಗೊಂಡಂತಾಯಿತು. ಬಡವನ ತೊಂದರೆಗೆ ಶಾಸನವು ಬೇರೆ ಉಪಾಯವನ್ನು ಒದಗಿಸಿದೆ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ೧೨ನೆಯ ಕಲಮಿನಂತೆ ಸ್ತ್ರೀಯರಿಗೂ, ಮಕ್ಕಳಿಗೂ, ಪರಿಶಿಷ್ಟ ಜಾತಿಪಂಗಡದವರಿಗೂ, ಅಂಗವಿಕಲರಿಗೂ, ಕೈಗಾರಿಕಾ ಕಾರ್ಮಿಕರಿಗೂ, ಗೊತ್ತಾದ ಮಿತಿಗಿಂತ ಕಡಮೆ ಆದಾಯವುಳ್ಳವರಿಗೂ ಉಚಿತವಾಗಿ ವಕೀಲನನ್ನು ಕೊಡತಕ್ಕದ್ದು. ಅದಕ್ಕಾಗಿ ಜಿಲ್ಲೆಗೂ ತಾಲೂಕಿಗೂ ಸಮಿತಿಗಳಿವೆ. ಅಪಘಾತದಿಂದ ಶಾಶ್ವತ ಊನವನ್ನು ಹೊಂದಿದವನೂ ಅಂಗವಿಕಲರ ಗುಂಪಿಗೆ ಸೇರಬಹುದೆಂಬುದನ್ನು ಬಹುಮಂದಿ ತಿಳಿದಿಲ್ಲ.

ನಾರದನು ದಂಡ್ಯನೆಂದ ಅನಿಯುಕ್ತ ಪರಾರ್ಥವಾದಿಯು ಇಂದು ದಲಾಲಿಯ ರೂಪದಲ್ಲಿದ್ದಾನೆ. ಆಸ್ಪತ್ರೆಯ ಪಡಸಾಲೆಯಲ್ಲಿ ಸುಳಿದಾಡಿ, ಹಾಸಿಗೆಯ ಬಳಿ ಬಂದು, ಬರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನು ಬಂಧುವೂ ಅಲ್ಲ, ವಕೀಲನೂ ಅಲ್ಲ. ವಕೀಲರು ಕಕ್ಷಿದಾರರನ್ನು ಹೀಗೆ ಅರಸಿಕೊಂಡು ಬರುವುದನ್ನು ಪರಿಷತ್ತಿನ ನಿಯಮವು ನಿಷೇಧಿಸಿದೆ. ದಲಾಲರ ಪಟ್ಟಿಯನ್ನು ಪ್ರಕಟಿಸುವ ಅಧಿಕಾರವು ಹಿಂದೆ ೧೮೭೯ರ ಕಾಯಿದೆಯಲ್ಲಿದ್ದು, ೨೦೨೩ರ ತಿದ್ದುಪಡಿಯಿಂದ ವಕೀಲರ ಅಧಿನಿಯಮದೊಳಗೇ ಸೇರಿತು. ಪಟ್ಟಿಯಲ್ಲಿ ಹೆಸರಿದ್ದೂ ದಲಾಲಿ ನಡೆಸುವವನಿಗೆ ೩ ತಿಂಗಳವರೆಗಿನ ಸೆರೆವಾಸ ಇಲ್ಲವೆ ೫೦೦ ರೂಪಾಯಿವರೆಗಿನ ದಂಡ ಇಲ್ಲವೆ ಎರಡೂ ಆಗಬಹುದು.

೬. ಕಾರ್ಯಕ್ರಮ

ಈಗ ಖಾನಾಪುರದ ಗಾಯಾಳುವಿನ ವ್ಯವಹಾರವು ನಡೆಯುವ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಮೊದಲು ತಿಳಿಯಬೇಕಾದುದು, ವ್ಯವಹಾರಗಳು ಎರಡೆಂಬುದು. ಅಜಾಗರೂಕತೆಯಿಂದ ಓಡಿಸಿ ಗಾಯಪಡಿಸಿದ ಅಪರಾಧಕ್ಕಾಗಿ ಚಾಲಕನ ಮೇಲೆ ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯಂತೆ ಸರಕಾರವೇ ಮೊಕದ್ದಮೆ ನಡೆಸುವುದು. ಅಲ್ಲಿಯ ದಂಡವು ಮನುವಿನ ಪಣದಂತೆ ರಾಜಾದಾಯ. ಪರಿಹಾರದ ಅರ್ಜಿಯು ಬೇರೆ. ಅದು ನ್ಯಾಯಮಂಡಳಿಯ ಮುಂದೆ ಹೋಗತಕ್ಕದ್ದು. ಮೊದಲನೆಯದು ನಡೆಯುತ್ತಿದೆಯೆಂದು ಎರಡನೆಯದನ್ನು ಮರೆತು ಕುಳಿತವರುಂಟು.

ಅರ್ಜಿಯನ್ನು ಅಪಘಾತವಾದ ಸ್ಥಳದ, ಅರ್ಜಿದಾರನು ವಾಸಿಸುವ ಸ್ಥಳದ, ಅಥವಾ ಎದುರುದಾರನು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿ ಅರ್ಜಿದಾರನ ಇಷ್ಟದಂತೆ ಸಲ್ಲಿಸಬಹುದು. ಆದಕಾರಣ ಗೋವೆಯಲ್ಲಿ ಗಾಯಗೊಂಡ ಖಾನಾಪುರದವನು ಗೋವೆಗೇ ಅಲೆಯಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು. ಗಡಿನಾಡಿನ ಜನರಿಗೆ ಇದು ದೊಡ್ಡ ಸೌಕರ್ಯ.

ಕಾಲಮಿತಿಯ ವಿಷಯದಲ್ಲಿ ಎಚ್ಚರವು ಅಗತ್ಯ. ತಿದ್ದುಪಡಿಯಾದ ೧೬೬ನೆಯ ಕಲಮಿನಂತೆ ಅಪಘಾತವಾದ ೬ ತಿಂಗಳೊಳಗೆ ಅರ್ಜಿ ಬರಬೇಕು. ಈ ಮಿತಿಯ ಸಂವಿಧಾನಬದ್ಧತೆಯು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿತವಾಗಿ, ತಡವಾಯಿತೆಂಬ ಕಾರಣದಿಂದ ಅರ್ಜಿಗಳನ್ನು ಸದ್ಯಕ್ಕೆ ವಜಾ ಮಾಡಕೂಡದೆಂದು ೨೦೨೫ರ ನವೆಂಬರಿನಲ್ಲಿ ಮಧ್ಯಂತರ ಆಜ್ಞೆಯಾಯಿತು. ಮಧ್ಯಂತರ ಆಜ್ಞೆಯನ್ನು ನಂಬಿ ಕುಳಿತುಕೊಳ್ಳುವುದು ವಿವೇಕವಲ್ಲ. ಪೊಲೀಸರೂ ೨೦೨೨ರ ನಿಯಮಗಳಂತೆ ೪೮ ಗಂಟೆಗಳೊಳಗೆ ಮೊದಲ ವರದಿಯನ್ನೂ, ೯೦ ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳುಹಿಸಬೇಕು. ಇದರ ಪಾಲನೆಗಾಗಿ ಸರ್ವೋಚ್ಚ ನ್ಯಾಯಾಲಯವು ೨೦೨೨ರ ಡಿಸೆಂಬರಿನಲ್ಲಿ ವಿಸ್ತೃತವಾದ ನಿರ್ದೇಶನಗಳನ್ನು ಕೊಟ್ಟಿತು.

ವಿಮಾಸಂಸ್ಥೆಯೂ ರಾಜಿಯ ಮೊಬಲಗನ್ನು ಮುಂದಿಡಬಹುದು. ಗಾಯಾಳುವು ಒಪ್ಪಿದನೆಂದರೆ ವ್ಯವಹಾರವು ಅಲ್ಲಿಗೆ ಮುಗಿಯುವುದು. ಆದುದರಿಂದ ವಕೀಲನನ್ನು ಕಾಣುವುದಕ್ಕೆ ತಕ್ಕ ಕಾಲವೆಂದರೆ ಒಪ್ಪಿಗೆಯ ಸಹಿಗೆ ಮೊದಲು, ನಂತರವಲ್ಲ.

ವಕೀಲನನ್ನು ಆರಿಸುವಲ್ಲಿ ಶುಕ್ರನೀತಿಯ ಎರಡು ವಿಶೇಷಣಗಳು ಇಂದಿಗೂ ಸಾಕು. ವ್ಯವಹಾರಜ್ಞನೆಂದರೆ ಅಪಘಾತದ ಅರ್ಜಿಗಳನ್ನು ನಡೆಸಿ ಬಲ್ಲವನು. ಊನದ ಪ್ರಮಾಣಕ್ಕೆ ಯಾವ ವೈದ್ಯನನ್ನು ಕರೆಸುವುದು, ದಿನಗೂಲಿಯವನ ಗಳಿಕೆಯನ್ನು ಯಾವ ಸಾಕ್ಷ್ಯದಿಂದ ತೋರಿಸುವುದು ಎಂದು ಕೇಳಿದಾಗ ಉತ್ತರ ಕೊಡಬಲ್ಲವನು. ಧರ್ಮಜ್ಞನೆಂದರೆ ಶುಲ್ಕವನ್ನು ಮೊದಲೇ ಬರೆದುಕೊಟ್ಟು ರಸೀತಿ ಕೊಡುವವನು, ಬರಿಯ ಕಾಗದಕ್ಕೆ ಸಹಿ ಕೇಳದವನು, ಇಂತಿಷ್ಟು ಲಕ್ಷ ಖಂಡಿತವೆಂದು ಆಣೆಯಿಡದವನು. ಅವನು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿತನೇ ಎಂದು ವಿಚಾರಿಸಿಕೊಳ್ಳಬಹುದು. ವೃತ್ತಿದೋಷವನ್ನು ಕುರಿತ ದೂರು ಕೂಡ ಅದೇ ಪರಿಷತ್ತಿಗೆ ಹೋಗತಕ್ಕದ್ದು. ಈ ಪ್ರದೇಶಕ್ಕೆ ಮೂರನೆಯದೊಂದು ವಿಶೇಷಣವನ್ನು ಸೇರಿಸಬೇಕು: ಭಾಷಾಜ್ಞತೆ. ವಕೀಲಪತ್ರವನ್ನೂ ಅರ್ಜಿಯನ್ನೂ ಗಾಯಾಳುವಿನ ಮನೆಮಾತಿನಲ್ಲಿ ಓದಿ ಹೇಳಿದ ಮೇಲೆ ಸಹಿಯಾಗಬೇಕು. ಜಯಾಪಜಯವು ತನ್ನದಾಗಿರುವವನು ತನ್ನ ವಾದವೇನೆಂದು ತಿಳಿಯದೆ ಇರತಕ್ಕದ್ದಲ್ಲ.

ತೀರ್ಪಿನ ಹಣವನ್ನು ನೇರವಾಗಿ ಅರ್ಜಿದಾರನ ಬ್ಯಾಂಕಿನ ಖಾತೆಗೆ ಸಲ್ಲಿಸುವ ಪದ್ಧತಿಯನ್ನು ಅನುಸರಿಸುವಂತೆ ಸರ್ವೋಚ್ಚ ನ್ಯಾಯಾಲಯವು ೨೦೨೫ರ ಮಾರ್ಚಿನಲ್ಲಿ ಸೂಚಿಸಿದೆ. ತೀರ್ಪು ಅಸಮಾಧಾನಕರವಾದರೆ ೯೦ ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು. ಬೆಳಗಾವಿಯವರಿಗೆ ಆ ಪೀಠವು ಧಾರವಾಡದಲ್ಲಿದೆ. ೨೦೦೮ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ ೨೦೧೩ರಲ್ಲಿ ಖಾಯಂ ಆಯಿತು. ಅದಕ್ಕೆ ಹಿಂದೆ ಬೆಂಗಳೂರಿನವರೆಗೂ ಹೋಗಬೇಕಾಗಿತ್ತು. ಕಾಲಿಲ್ಲದವನಿಗೆ ಆ ದೂರವೇ ಒಂದು ಸೋಲಾಗಿದ್ದಿತು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. ಗಾಯಾಳುವಿಗೆ ಸಲ್ಲತಕ್ಕುದು ಅವನು ಮತ್ತೆ ಎದ್ದುನಿಲ್ಲುವುದಕ್ಕೆ ಬೇಕಾದ ವೆಚ್ಚ. ಪ್ರಾಚೀನರು ಅದನ್ನು ಔಷಧಪಥ್ಯಗಳಿಗೆ ಮಿತಗೊಳಿಸಿದರು. ಅರ್ವಾಚೀನರು ಜೀವನೋಪಾಯದವರೆಗೆ ವಿಸ್ತರಿಸಿದರು. ವಿಸ್ತರಿಸಿದಷ್ಟೂ ಅದನ್ನು ಸಾಧಿಸುವುದು ಕಠಿನವಾಗಿ, ನಿಯುಕ್ತವಾದಿಯು ಅನಿವಾರ್ಯನಾದನು. ಆದರೆ ವಾದಿಯು ನಿಯುಕ್ತನಾಗಿರಬೇಕು, ಬಲ್ಲವನಾಗಿರಬೇಕು, ಫಲದಲ್ಲಿ ಪಾಲುಗಾರನಾಗಿರಕೂಡದು ಎಂಬ ಮೂರು ಮಾತುಗಳಲ್ಲಿ ನಾರದನ ವಚನವೂ, ಶುಕ್ರನೀತಿಯೂ, ವಕೀಲರ ಪರಿಷತ್ತಿನ ನಿಯಮವೂ ಒಂದಕ್ಕೊಂದು ಪೂರಕವಾಗಿವೆ.

ಇವನ್ನು ಕಾಯಿದೆ ಬಲ್ಲವರಷ್ಟೇ ತಿಳಿದಿದ್ದರೆ ಸಾಲದು. ಖಾನಾಪುರದಂತಹ ತಾಲೂಕಿನ ಹಳ್ಳಿಗಳಲ್ಲಿ ಪತ್ರವನ್ನು ಓದಿ ಹೇಳುವುದಕ್ಕೆ ಜನರು ಮೊದಲು ಅರಸುವುದು ಊರಿನ ಶಾಲೆಯ ಉಪಾಧ್ಯಾಯನನ್ನು. ಬರಿಯ ಕಾಗದಕ್ಕೆ ಸಹಿ ಹಾಕಬೇಡವೆಂದೂ, ಆರು ತಿಂಗಳು ಕಳೆಯಗೊಡಬೇಡವೆಂದೂ, ತಾಲೂಕಿನ ಸಮಿತಿಯಲ್ಲಿ ಉಚಿತವಾಗಿ ವಕೀಲನು ದೊರೆಯಬಹುದೆಂದೂ ಅವನು ಹೇಳಬಲ್ಲವನಾದರೆ, ವಿಜ್ಞಾನೇಶ್ವರನು ವಿವರಿಸಿದ ಸಮುತ್ಥಾನವು ಗ್ರಂಥದಲ್ಲಿ ಮಾತ್ರ ಉಳಿಯದೆ ರಸ್ತೆಯ ಬದಿಯಲ್ಲಿ ಬಿದ್ದವನಿಗೂ ಮುಟ್ಟುವುದು.